ಹಿಂದಿನ ಬೆಂಚಿನ ಎಂಪಿಯ ವರ್ಷದ ಲೆಕ್ಕ ತೆಗೆದ ಬಗೆ

"ಸಾಹೇಬ್ರು ದಿಲ್ಲಿಗಿ ಹೋಗಿ ಬಾಯಿನೇ ಬಿಚ್ಚಂಗಿಲ್ಲ" ಎನ್ನುವವರು ಒಂದು ಕಡೆ, ನೂರು ಪ್ರಶ್ನೆ ಕೇಳಿದ್ದಾರೆಂದು ಫ್ಲೆಕ್ಸ್ ಕಟ್ಟುವವರು ಇನ್ನೊಂದು ಕಡೆ. ಸಂಸತ್ತಿನ ದಾಖಲೆ ಹಿಡಿದು ಎರಡನ್ನೂ ತೂಗಬಹುದು ಎಂದು ನಾನು ಹೇಳಿದಾಗ ಕಲಬುರಗಿಯ ಪತ್ರಕರ್ತ ಗೆಳೆಯರು ನಕ್ಕಿದ್ದರು. ಈಗ ಅವರೇ ಪಟ್ಟಿ ಕೇಳುತ್ತಾರೆ.

ಒಟ್ಟು ಸಂಖ್ಯೆ ನಂಬಬೇಡಿ. ಲೋಕಸಭೆಯಲ್ಲಿ ದಿನಕ್ಕೆ ಚುಕ್ಕೆ ಗುರುತಿನ, ಅಂದರೆ ಸದನದಲ್ಲಿ ಮೌಖಿಕ ಉತ್ತರಕ್ಕಿಟ್ಟ 20, ಗುರುತಿಲ್ಲದ 230 ಪ್ರಶ್ನೆ. ಗುರುತಿಲ್ಲದವಕ್ಕೆ ಲಿಖಿತ ಉತ್ತರ ಮಾತ್ರ, ಉಪಪ್ರಶ್ನೆ ಇಲ್ಲ. ಒಂದೇ ಧಾಟಿಯವನ್ನು ಒಟ್ಟುಗೂಡಿಸಿ ನಾಲ್ಕೈದು ಸದಸ್ಯರ ಹೆಸರು ಹಾಕುತ್ತಾರೆ; ಪ್ರತಿಯೊಬ್ಬರ ಲೆಕ್ಕಕ್ಕೂ ಒಂದೊಂದು ಸೇರುತ್ತದೆ. ಹಾಗಾಗಿ ಶೀರ್ಷಿಕೆ ಬಿಟ್ಟು ಉತ್ತರದ ಪಿಡಿಎಫ್ ಅನ್ನೇ ತೆರೆಯಬೇಕು. ನಮ್ಮ ಎಂಪಿಯ ಲೆಕ್ಕದಲ್ಲಿ ನೂರರ ಆಸುಪಾಸು ಇದ್ದದ್ದು, ನಮ್ಮ ಜಿಲ್ಲೆಯ ಹೆಸರೇ ಇಲ್ಲದ ಜಂಟಿ ಪ್ರಶ್ನೆ ಬದಿಗಿಟ್ಟಾಗ ನಲವತ್ತಕ್ಕೆ ಇಳಿಯಿತು. ಉಳಿದವು ತೊಗರಿ ಬೆಂಬಲ ಬೆಲೆ, 2014ರಲ್ಲಿ ಘೋಷಿಸಿದ ಕಲಬುರಗಿ ರೈಲ್ವೆ ವಿಭಾಗ, ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿ: ಗಟ್ಟಿ ಸರಕು. ಯಾವ ಪ್ರಶ್ನೆ ಇಲ್ಲಿಂದ ಹೋದದ್ದು, ಯಾವುದು ದಿಲ್ಲಿಯಲ್ಲಿ ಯಾರೋ ಬರೆದುಕೊಟ್ಟದ್ದು ಎಂದು ಹಿಡಿಯುವ ಉಪಾಯವೊಂದಿದೆ. ಅದನ್ನು ಮುಂದಿನ ಚುನಾವಣೆಯವರೆಗೆ ಹೇಳುವುದಿಲ್ಲ.

ಹುಡುಕುವಾಗ ಗುಲ್ಬರ್ಗಾ, ಕಲ್ಬುರ್ಗಿ, ಕಲಬುರಗಿ ಮೂರನ್ನೂ ಇಂಗ್ಲಿಷಿನಲ್ಲಿ ಹಾಕಿ. ಊರಿನ ಹೆಸರು 2014ರಲ್ಲಿ ಬದಲಾದರೂ ಲೋಕಸಭಾ ಕ್ಷೇತ್ರ ಇನ್ನೂ ಗುಲ್ಬರ್ಗಾ. ಜಿಲ್ಲೆಗೊಬ್ಬ ಎಂಪಿ ಎಂದುಕೊಂಡರೆ ಪಟ್ಟಿ ಕೆಡುತ್ತದೆ. ಆಳಂದ, ಚಿಂಚೋಳಿ ಬೀದರ್ ಕ್ಷೇತ್ರದಲ್ಲಿವೆ. ಯಾದಗಿರಿ, ಶಹಾಪುರ, ಸುರಪುರ ರಾಯಚೂರಿಗೆ ಹೋದರೆ ಗುರುಮಠಕಲ್ ಗುಲ್ಬರ್ಗಾಕ್ಕೆ.

ಕನ್ನಡದಲ್ಲಿ ಮಾಡಿದ ಭಾಷಣ ಚರ್ಚೆಯ ಕಡತದಲ್ಲಿ ಇಂಗ್ಲಿಷ್ ಅನುವಾದವಾಗಿ ಸಿಗುತ್ತದೆ, ಅಡಿಟಿಪ್ಪಣಿ ನೋಡಿ. ಗದ್ದಲದಲ್ಲಿ ಕೂಗಿದ್ದಕ್ಕೆ ಹೆಸರೇ ಬರುವುದಿಲ್ಲ. ಆದ್ದರಿಂದ ಟಿವಿ ರೆಕಾರ್ಡಿಂಗ್ ಅನ್ನು ತಂತ್ರಾಂಶದಿಂದ ಅಕ್ಷರಕ್ಕಿಳಿಸುವ ಪ್ರಯೋಗವೂ ಆಯಿತು. ತಿಂಗಳಿಗೆ ಎಂಟುನೂರು ರೂಪಾಯಿ ಚಂದಾ, ಎರಡು ಅಧಿವೇಶನ ಪೂರಾ ವ್ಯರ್ಥ. ಸಭಾಧ್ಯಕ್ಷರ "ಬೈಠಿಯೆ, ಬೈಠಿಯೆ" ಮಾತ್ರ ಅಚ್ಚುಕಟ್ಟಾಗಿ ಬಂತು. ದಾಖಲೆಗಳು ಪುಕ್ಕಟೆ, ಝೆರಾಕ್ಸ್, ಬೈಂಡಿಂಗಿಗೆ ಒಂದೂವರೆ ಸಾವಿರ ಬಿತ್ತು.

ನಿಯಮ 377ರಡಿ, ಅಂದರೆ ಪ್ರಶ್ನೆಯ ರೂಪದಲ್ಲಲ್ಲದೆ ಸದಸ್ಯರು ಸದನದ ಗಮನಕ್ಕೆ ತರುವ ವಿಷಯಕ್ಕೆ, ಪಟ್ಟಿಯಲ್ಲಿ ಬೇರೆ ಕಾಲಂ ಬೇಕು. ಸಚಿವರ ಉತ್ತರ ಸದನದಲ್ಲಿ ಅಲ್ಲ, ಪತ್ರವಾಗಿ ಸದಸ್ಯರಿಗೆ ಬರುತ್ತದೆ. ಅದನ್ನು ಎಂಪಿ ಕಚೇರಿಯಿಂದಲೇ ಪಡೆಯಬೇಕು. ಅಲ್ಲಿ ಸಿಬ್ಬಂದಿ "ಫೈಲ್‌ನಾಗ ಅದ" ಅಂದರೆ ಅಂದೇ ಕೂತು ಹುಡುಕಿಸಿ. ಸದಸ್ಯರು ತುರ್ತು ವಿಷಯ ಎತ್ತುವ ಶೂನ್ಯವೇಳೆಯಲ್ಲಿ "ಬೆಂಬಲಿಸಿದ ಸದಸ್ಯರು" ಎಂದು ಹೆಸರು ಬಂದರೆ ಅದು ಭಾಷಣವಲ್ಲ, ಎಣಿಸಬೇಡಿ.

ಕೊನೆಯ ಕಾಲಂ ಭರವಸೆಗಳದು. "ಪರಿಶೀಲನೆಯಲ್ಲಿದೆ", "ಮಾಹಿತಿ ಸಂಗ್ರಹಿಸಲಾಗುತ್ತಿದೆ" ಎಂಬಂಥ ಉತ್ತರಗಳು ಸರ್ಕಾರಿ ಭರವಸೆ ಸಮಿತಿಯ ಲೆಕ್ಕಕ್ಕೆ ಬರುತ್ತವೆ, ಈಡೇರಿಸಲು ಮೂರು ತಿಂಗಳು ಗಡುವು. ನನ್ನ ಪಟ್ಟಿಯಲ್ಲಿ ಅಂಥವು ಆರೇಳು ಇದ್ದವು. ಗಡುವಿನ ದಿನಾಂಕಗಳನ್ನು ಕೆಂಪಿನಲ್ಲಿ ಬರೆದು ಒಂದು ಪ್ರತಿಯನ್ನು ಎಂಪಿ ಕಚೇರಿಗೂ ಕೊಟ್ಟೆ. ಮುಂದಿನ ಅಧಿವೇಶನದಲ್ಲಿ ಅದರೊಳಗಿನ ಎರಡು ಮತ್ತೆ ಪ್ರಶ್ನೆಯಾಗಿ ಬಂದವು.