ನಾಟಿ ಹುಂಜದ ಗರಿ, ಚಳ್ಳಕೆರೆ ಉಣ್ಣೆ: ಡ್ರೈ ಫ್ಲೈ ಕಟ್ಟಲು ಕಲಿತ ನನ್ನ ಅನುಭವ

ದಾವಣಗೆರೆಯಲ್ಲಿ ಟ್ರೌಟ್ ಮೀನು ಇಲ್ಲ, ಬದುಕುವುದೂ ಇಲ್ಲ. ಅದಕ್ಕೆ ತಣ್ಣಗೆ ಹರಿಯೋ ನೀರು ಬೇಕು. ನಮ್ಮ ಭದ್ರಾ ನಾಲೆಗೆ ಏಪ್ರಿಲ್‌ನಲ್ಲಿ ಕಾಲಿಟ್ಟರೆ ಮೇಲಿನ ನೀರು ಬೆಚ್ಚಗಿರುತ್ತದೆ. ಆದರೂ ಟ್ರೌಟ್‌ಗೆಂದೇ ಹುಟ್ಟಿದ ಡ್ರೈ ಫ್ಲೈ, ಅಂದರೆ ನೀರಿನ ಮೇಲೆ ತೇಲೋ ಹುಳದಂಥ ಗಾಳ, ಕಟ್ಟೋದನ್ನು ನಾನು ಕಲಿತದ್ದು ಇಲ್ಲೇ. ಬೇಕಾದ ಸಾಮಾನಿನಲ್ಲಿ ಮುಕ್ಕಾಲು ಪಾಲು ನಮ್ಮ ಸುತ್ತಮುತ್ತಲೇ ಸಿಗುತ್ತದೆ ಅಂತ ಗೊತ್ತಾದ ಮೇಲಂತೂ ಬಿಡೋಕೆ ಮನಸ್ಸಾಗಲಿಲ್ಲ.

ನಾವು ಎರೆಹುಳ ಸಿಕ್ಕಿಸಿ ಬಿಡೋ ಗಾಳ ನೀರಿನೊಳಗೆ ಇಳಿಯುತ್ತದೆ. ಡ್ರೈ ಫ್ಲೈ ಹಾಗಲ್ಲ, ತೇಲಬೇಕು. ನೀರಿನಿಂದ ಮೇಲೆದ್ದು, ಹಾರುವ ಮೊದಲು ಒಂದು ಗಳಿಗೆ ಅಲ್ಲೇ ಕೂರುವ ಹುಳದ ಹಾಗೆ ಕಾಣಬೇಕು. ಸಣ್ಣ ಗಾಳಕ್ಕೆ ದಾರ, ಉಣ್ಣೆ, ಗರಿ ಸುತ್ತಿ ಇದನ್ನು ಮಾಡುತ್ತಾರೆ. ಇಂಗ್ಲೆಂಡಿನ ಟೆಸ್ಟ್, ಇಚೆನ್ ನದಿಗಳ ದಡದಲ್ಲಿ ಬೆಳೆದ ಈ ವಿದ್ಯೆಯನ್ನು ಫ್ರೆಡರಿಕ್ ಹಾಲ್ಫರ್ಡ್ ಅನ್ನೋರು 1886ರಲ್ಲಿ ವಿವರವಾಗಿ ಬರೆದಿಟ್ಟರು. ನಾನು ಕಲಿಯೋಕೆ ಆರಿಸಿಕೊಂಡದ್ದು ಆಡಮ್ಸ್ ಅನ್ನೋ ಫ್ಲೈ. ಅಮೆರಿಕದ ಮಿಷಿಗನ್‌ನಲ್ಲಿ ಲೆನ್ ಹ್ಯಾಲಡೇ 1922ರಲ್ಲಿ ಮೊದಲು ಕಟ್ಟಿದ್ದು. ಬೂದು ಮೈ, ಪಟ್ಟೆ ಗರಿಯ ರೆಕ್ಕೆ, ಕಂದು ಮತ್ತು ಪಟ್ಟೆ ಗರಿ ಬೆರೆಸಿದ ಕುತ್ತಿಗೆ. ಯಾವ ಒಂದು ಹುಳದ ನಕಲೂ ಅಲ್ಲ, ಸುಮಾರು ಹುಳಗಳ ಹಾಗೆ ಕಾಣುತ್ತದೆ. ಅದಕ್ಕೇ ಎಲ್ಲಾ ಕಡೆ ನಡೆಯುತ್ತದೆ.

ಇದನ್ನು ತೇಲಿಸೋದು ಬೆಂಡೂ ಅಲ್ಲ, ಥರ್ಮೋಕೋಲೂ ಅಲ್ಲ. ಹುಂಜದ ಕತ್ತಿನ ಗರಿ. ಅದನ್ನು ಹ್ಯಾಕಲ್ ಅನ್ನುತ್ತಾರೆ. ಗಾಳದ ಸುತ್ತ ಸುತ್ತಿದಾಗ ಗರಿಯ ಎಳೆಗಳು ನಾಲ್ಕೂ ಕಡೆ ನಿಗುರಿ ನಿಲ್ಲುತ್ತವೆ. ಆ ಎಳೆಗಳ ತುದಿ ನೀರಿನ ಮೇಲ್ಪದರವನ್ನು ಒತ್ತುತ್ತದೆ, ಆದರೆ ಚುಚ್ಚಿ ಒಳಗೆ ಹೋಗುವುದಿಲ್ಲ. ಅಷ್ಟರ ಮೇಲೆ ಇಡೀ ಫ್ಲೈ ನಿಂತಿರುತ್ತದೆ. ಎಳೆ ಮೆತ್ತಗಿದ್ದರೆ ನೀರು ಕುಡಿದು ಮುಳುಗುತ್ತದೆ. ಹಾಗಾಗಿ ನನ್ನ ಪ್ರಕಾರ ಈ ಕೆಲಸದಲ್ಲಿ ಕೈ ಪಳಗೋದು ಎರಡನೇ ಮಾತು, ಗರಿ ನೋಡೋ ಕಣ್ಣು ಮೊದಲು.

ಬ್ರಾಯ್ಲರ್ ಅಂಗಡಿಗೆ ಹೋಗಿ ಪ್ರಯೋಜನವಿಲ್ಲ. ಆ ಕೋಳಿ ಆರೇಳು ವಾರಕ್ಕೇ ಅಂಗಡಿಗೆ ಬರುತ್ತದೆ, ಕತ್ತಿನ ಗರಿ ಬಲಿತಿರುವುದೇ ಇಲ್ಲ. ಹ್ಯಾಟೆಯ ಗರಿ ಮೆತ್ತಗೆ, ಅದು ಮುಳುಗುವ ಫ್ಲೈಗೆ ಸರಿ. ಡ್ರೈ ಫ್ಲೈಗೆ ವರ್ಷ ದಾಟಿದ ನಾಟಿ ಹುಂಜವೇ ಬೇಕು, ಬೀದಿಯಲ್ಲಿ ಕತ್ತು ಉಬ್ಬಿಸಿ ಕಾದಾಡುತ್ತದಲ್ಲ ಅಂಥದ್ದು. ನಮ್ಮೂರಲ್ಲಿ ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ನಡೆಯುತ್ತದೆ. ಆಗ ಅಂಥ ಹುಂಜಗಳಿಗೆ ಬರವೇ ಇಲ್ಲ. ತೊಂದರೆ ಏನೆಂದರೆ ಹುಂಜವನ್ನು ಬಿಸಿನೀರಿಗೆ ಅದ್ದಿ, ಪುಕ್ಕ ಕಿತ್ತು, ಬೆಂಕಿಯಲ್ಲಿ ಸುಡುತ್ತಾರೆ. ಅಷ್ಟರೊಳಗೆ ಹೋಗಿ ಕತ್ತಿನ ಚರ್ಮ ಬೇಕು ಅಂತ ಹೇಳಿಡಬೇಕು. ನಮ್ಮ ದೊಡ್ಡಮ್ಮ ಮೊದಲ ಸಲ ಕೇಳಿದಾಗ, "ಏನೋ ತಮ್ಮಾ, ಎಲ್ಲರೂ ತೊಡೆ ಪೀಸ್ ಕೇಳಿದ್ರೆ ನೀನು ಪುಕ್ಕ ಕೇಳ್ತೀಯಲ್ಲೋ!" ಅಂತ ನಕ್ಕರು. ಈಗ ಅವರೇ ಎತ್ತಿಟ್ಟು ಫೋನ್ ಮಾಡುತ್ತಾರೆ.

ಚರ್ಮ ಬಂದ ಕೂಡಲೇ ಒಳಗಿನ ಕೊಬ್ಬನ್ನು ಚಮಚದ ಅಂಚಿನಿಂದ ಕೆರೆದು ತೆಗೆಯುತ್ತೇನೆ. ಶಾಂಪೂ ನೀರಿನಲ್ಲಿ ತೊಳೆದು, ಒಳಮೈಗೆ ಬಿಳಿಗಾರದ ಪುಡಿ ಸವರಿ, ರಟ್ಟಿನ ಮೇಲೆ ಅಗಲ ಮಾಡಿ ಪಿನ್ ಚುಚ್ಚಿ ನೆರಳಲ್ಲಿ ಒಣಗಿಸುತ್ತೇನೆ. ಇರುವೆ, ಬೆಕ್ಕು ಎರಡರಿಂದಲೂ ಕಾಯಬೇಕು. ಒಣಗಿದ ಮೇಲೆ ಮುಚ್ಚಳದ ಡಬ್ಬಿಯಲ್ಲಿ ನುಸಿಗುಳಿಗೆ ಜೊತೆ ಇಟ್ಟರೆ ವರ್ಷಗಟ್ಟಲೆ ಇರುತ್ತದೆ. ಒಂದು ಕಾಲಕ್ಕೆ ನಮ್ಮ ದೇಶದ ಹುಂಜಗಳ ಕತ್ತಿನ ಚರ್ಮ 'ಇಂಡಿಯನ್ ಕೇಪ್' ಅನ್ನೋ ಹೆಸರಲ್ಲಿ ಇಂಗ್ಲೆಂಡ್, ಅಮೆರಿಕಕ್ಕೆಲ್ಲ ಹೋಗುತ್ತಿತ್ತು. ಈಗ ಅಲ್ಲಿ ಗರಿಗೋಸ್ಕರವೇ ಸಾಕಿದ ತಳಿಗಳಿವೆ. ಅವುಗಳ ಒಂದು ಉದ್ದ ಗರಿಯಲ್ಲಿ ಒಂದಕ್ಕಿಂತ ಜಾಸ್ತಿ ಫ್ಲೈ ಆಗುತ್ತವೆ. ನಮ್ಮ ನಾಟಿ ಹುಂಜದ್ದು ಗಿಡ್ಡ, ಒಂದೇ ಫ್ಲೈಗೆ ಎರಡು ಗರಿ ಬೇಕು. ಇರಲಿ, ಪುಕ್ಕಟೆ ತಾನೆ? ಹಳೆಯ ಕೆಲವು ಫ್ಲೈಗಳಿಗೆ ಕಾಡುಕೋಳಿ ಗರಿ ಹೇಳುತ್ತಾರೆ. ಅದರ ತಂಟೆಗೆ ಹೋಗಬೇಡಿ, 1972ರ ವನ್ಯಜೀವಿ ಕಾಯ್ದೆ ಇದೆ.

ಗರಿ ಆರಿಸೋದು ಹೀಗೆ. ಒಂದನ್ನು ಕಿತ್ತು ಬೆಳಕಿಗೆ ಹಿಡಿಯಿರಿ. ಬುಡದಲ್ಲಿ ಹತ್ತಿಯ ಹಾಗಿರುವ ಮಂಕು ಭಾಗ ಕಾಣುತ್ತದೆ, ಅದು ಕೆಲಸಕ್ಕೆ ಬಾರದು, ಕಿತ್ತು ಹಾಕಿ. ಮೇಲಿನ ಭಾಗ ಹೊಳೆಯುತ್ತಿರಬೇಕು, ಎಳೆಗಳು ಒಂದಕ್ಕೊಂದು ಅಂಟಿರಬಾರದು. ಗರಿಯನ್ನು ಬಿಲ್ಲಿನಂತೆ ಬಗ್ಗಿಸಿ ಎಳೆಗಳ ತುದಿಯನ್ನು ಮೇಲ್ತುಟಿಗೆ ಮುಟ್ಟಿಸಿ. ಚುಚ್ಚಿದ ಹಾಗಾದರೆ ಒಳ್ಳೆಯ ಗರಿ, ಸವರಿದ ಹಾಗಾದರೆ ಬೇಡ. ಬೆರಳಿಗೆ ಈ ವ್ಯತ್ಯಾಸ ತಿಳಿಯೋದಿಲ್ಲ, ತುಟಿಗೆ ತಿಳಿಯುತ್ತದೆ. ಆಮೇಲೆ ಅಳತೆ. ಎಳೆಯ ಉದ್ದ ಗಾಳದ ಬಾಯಿಯ, ಅಂದರೆ ಕಡ್ಡಿಗೂ ಮೊನೆಗೂ ನಡುವಿನ ಜಾಗದ, ಅಗಲದ ಒಂದೂವರೆ ಪಟ್ಟು ಇದ್ದರೆ ಸರಿ. ಇದಕ್ಕಿಂತ ಉದ್ದ ಆದರೆ ಫ್ಲೈ ಮಗುಚುತ್ತದೆ. ಕಂದು ಗರಿ ಬೇಕಾದಷ್ಟು ಸಿಗುತ್ತದೆ. ಕಪ್ಪು-ಬಿಳಿ ಪಟ್ಟೆಯ ಹುಂಜಕ್ಕೆ ಮಾತ್ರ ನಾನು ಜಗಳೂರು ಕಡೆಯ ಹಳ್ಳಿಗಳನ್ನೆಲ್ಲ ಸುತ್ತಬೇಕಾಯಿತು.

ಆಡಮ್ಸ್‌ನ ಮೈಗೆ ಮಸ್ಕ್‌ರ‍್ಯಾಟ್ ಅನ್ನೋ ನೀರಿಲಿಯ ತುಪ್ಪಳ ಹೇಳಿದ್ದಾರೆ. ಅದನ್ನೆಲ್ಲಿ ತರೋದು? ನಾನು ಬಳಸೋದು ಚಳ್ಳಕೆರೆ ಕಡೆಯ ಕುರಿಮರಿಯ ಬೂದು ಉಣ್ಣೆ, ಕಂಬಳಿಗೆ ಹೋಗೋ ಅದೇ ಉಣ್ಣೆ. ತೊಳೆಯದ್ದೇ ಬೇಕು. ಉಣ್ಣೆಯಲ್ಲಿ ಸಹಜವಾಗಿರೋ ಜಿಡ್ಡು ನೀರನ್ನು ಹತ್ತಿರ ಬಿಡುವುದಿಲ್ಲ. ವಾಸನೆ ಸ್ವಲ್ಪ ಇರುತ್ತದೆ, ಅಭ್ಯಾಸವಾಗುತ್ತದೆ.

ದಾರ ಮಂಡಿಪೇಟೆಯದು, ಸೀರೆ ಕುಚ್ಚಿಗೆ ಹಾಕೋ ರೇಷ್ಮೆ ದಾರ. ಅದರ ಒಂದೇ ಎಳೆ ಬಿಡಿಸಿಕೊಂಡು ಜೇನುಮೇಣ ತಿಕ್ಕಿದರೆ ಜಾರುವುದಿಲ್ಲ. ನಮ್ಮ ಮನೆಯವಳು ಕುಚ್ಚು ಕಟ್ಟುತ್ತಾಳೆ. ದಾರದ ಮೇಲೆ ದಾರ ಸುತ್ತಿ, ತುದಿಯನ್ನು ಸುತ್ತಿನ ಅಡಿಯಿಂದ ಎಳೆದು ಗಂಟು ಕಾಣದ ಹಾಗೆ ಮುಗಿಸೋದನ್ನು ಕಲಿಸಿದ್ದು ಅವಳೇ. ಗಾಳ ಹಿಡಿಯೋಕೆ ಅಕ್ಕಸಾಲಿಗರ ಸಣ್ಣ ವೈಸ್ ಸಾಕು. ತೆಳು ತಂತಿಯ ಡ್ರೈ ಫ್ಲೈ ಗಾಳವೊಂದನ್ನು ಮಾತ್ರ ಆನ್‌ಲೈನ್‌ನಲ್ಲಿ ತರಿಸಿದೆ. ನಮ್ಮ ಅಂಗಡಿಗಳ ಗಾಳ ದಪ್ಪ, ಭಾರ. ಕಲಿಯೋಕೆ 12ನೇ ನಂಬರ್ ಒಳ್ಳೆಯದು. ನಂಬರ್ ಜಾಸ್ತಿಯಾದಷ್ಟೂ ಗಾಳ ಚಿಕ್ಕದು, ನೆನಪಿರಲಿ.

ಕಟ್ಟುವಾಗ ಕಣ್ಣಿನ ಹಿಂದೆ, ಅಂದರೆ ದಾರ ಪೋಣಿಸೋ ತೂತಿನ ಹಿಂದೆ, ಸ್ವಲ್ಪ ಜಾಗ ಖಾಲಿ ಬಿಡಬೇಕು. ಕೊನೆಯ ಗಂಟಿಗೆ ಅದೇ ಜಾಗ. ಎರಡು ಪಟ್ಟೆ ಗರಿಯ ತುದಿಗಳನ್ನು ಬೆನ್ನಿಗೆ ಬೆನ್ನು ಕೊಟ್ಟು ನೆಟ್ಟಗೆ ನಿಲ್ಲಿಸಿ, ನಡುವೆ ದಾರವನ್ನು ಅಡ್ಡಡ್ಡ ಹಾಯಿಸಿದರೆ ರೆಕ್ಕೆ. ಬಾಲಕ್ಕೆ ಗರಿಯ ನಾಲ್ಕಾರು ಗಟ್ಟಿ ಎಳೆ, ಗಾಳದ ಕಡ್ಡಿಯಷ್ಟೇ ಉದ್ದ. ಉಣ್ಣೆಯನ್ನು ದಾರಕ್ಕೆ ಹೊಸೆಯುವಾಗ ಎಷ್ಟು ಬೇಕು ಅನಿಸುತ್ತದೋ ಅದರಲ್ಲಿ ಅರ್ಧ ತೆಗೆದುಬಿಡಿ. ಮೈ ಅಕ್ಕಿಕಾಳಿಗಿಂತ ದಪ್ಪ ಆಗಬಾರದು. ಕೊನೆಗೆ ಕಂದು ಗರಿ, ಪಟ್ಟೆ ಗರಿ ಎರಡನ್ನೂ ಹೊಳಪಿನ ಮುಖ ಮುಂದಕ್ಕೆ ಮಾಡಿ, ರೆಕ್ಕೆಯ ಹಿಂದೆ ಎರಡು ಮೂರು ಸುತ್ತು, ಮುಂದೆ ಅಷ್ಟೇ. ಎರಡನೇ ಗರಿ ಸುತ್ತುವಾಗ ಮೊದಲನೆಯದರ ಎಳೆಗಳನ್ನು ಮಲಗಿಸಬಾರದು. ಸಣ್ಣಗೆ ಆ ಕಡೆ ಈ ಕಡೆ ಅಲ್ಲಾಡಿಸುತ್ತಾ ತಂದರೆ ಗರಿ ತಾನೇ ಸಂದು ಹುಡುಕಿಕೊಳ್ಳುತ್ತದೆ. ಮುಗಿದ ಫ್ಲೈಯನ್ನು ಮೇಜಿನ ಮೇಲೆ ಬಿಟ್ಟರೆ ಬಾಲದ ತುದಿ, ಹ್ಯಾಕಲ್‌ನ ತುದಿ ಎರಡರ ಮೇಲೇ ನಿಲ್ಲಬೇಕು.

ಹಿಮಾಚಲದ ತೀರ್ಥನ್ ನದಿಗೆ ಅಕ್ಟೋಬರ್‌ನಲ್ಲಿ ಹೋಗಿದ್ದೆ. ನವೆಂಬರ್‌ನಿಂದ ಫೆಬ್ರವರಿವರೆಗೆ ಅಲ್ಲಿ ಟ್ರೌಟ್ ಹಿಡಿಯೋ ಹಾಗಿಲ್ಲ, ಉಳಿದ ತಿಂಗಳು ಮೀನುಗಾರಿಕೆ ಇಲಾಖೆಯ ಲೈಸೆನ್ಸ್ ಬೇಕು. ಫ್ಲೈಗೆ ಚೂರು ವ್ಯಾಸಲೀನ್ ಸವರಿ ಬಂಡೆಯ ಹಿಂದಿನ ನಿಧಾನದ ನೀರಿಗೆ ಬಿಟ್ಟೆ. ದುಗ್ಗಮ್ಮನ ಜಾತ್ರೆಯ ಹುಂಜದ ಗರಿ ಬ್ರೌನ್ ಟ್ರೌಟ್‌ಗೆ ಒಪ್ಪಿಗೆಯಾಯಿತು. ಹಿಡಿದು ನೋಡಿ ಬಿಟ್ಟುಬಿಟ್ಟೆ.

ಇಲ್ಲಿ ನಾಲೆಯ ಸಣ್ಣ ಮೀನುಗಳೂ ಆಡಮ್ಸ್‌ಗೆ ಬಾಯಿ ಹಾಕುತ್ತವೆ, ಆದರೆ ಮುಂಗಾರಿನ ಮೊದಲ ಮಳೆ ಬಿದ್ದ ಸಂಜೆ ಅದನ್ನು ತಿರುಗಿಯೂ ನೋಡುವುದಿಲ್ಲ. ಆಗ ನೀರಿನ ತುಂಬ ಈಸಲು ಹುಳ ಬಿದ್ದಿರುತ್ತವೆ. ಅದಕ್ಕೆಂದೇ ಈಗ ಬೇರೆ ಕಟ್ಟುತ್ತಿದ್ದೇನೆ. ಕಂದು ಉಣ್ಣೆಯ ಮೈ ಸ್ವಲ್ಪ ಉದ್ದ, ಬಾಲ ಬೇಡ. ರೆಕ್ಕೆಗೆ ತಿಳಿ ಬಣ್ಣದ ಗರಿಯ ತುದಿಗಳನ್ನು ಬೆನ್ನ ಮೇಲೆ ಮಲಗಿಸಿ, ಮೈಗಿಂತ ಉದ್ದಕ್ಕೆ ಬಿಡಬೇಕು. ಹ್ಯಾಕಲ್ ಎರಡೇ ಸುತ್ತು ಸಾಕು.