ನಿಮ್ಮೂರಿನ ಪಿನ್‌ಕೋಡ್ ಒಡೆದು ನೋಡುವುದು ಹೇಗೆ?

ಹುಬ್ಬಳ್ಳಿ 580020. ಹಾವೇರಿ 581110. ಗದಗ 582101. ವಿಳಾಸದ ಕೊನೆಗೆ ಬರೆದು ಮರೆತುಬಿಡುವ ಸಂಖ್ಯೆಗಳಿವು. 1972ರ ಆಗಸ್ಟ್ 15ರಂದು ಪಿನ್‌ಕೋಡ್ ಪದ್ಧತಿ ಶುರುವಾದದ್ದು ಕಾಗದಗಳನ್ನು ಬೇಗ ವಿಂಗಡಿಸಲು. ಆದರೆ ಲೆಕ್ಕದ ಕಣ್ಣಿನಿಂದ ನೋಡಿದರೆ ಈ ಮೂರರ ಸ್ವಭಾವವೂ ಬೇರೆ ಬೇರೆ. ಅದನ್ನು ಕಂಡುಕೊಳ್ಳಲು ಪೆನ್ನು, ಹಾಳೆ, ಮಗ್ಗಿ ಸಾಕು.

ಮೊದಲು ಸುಲಭದ್ದನ್ನು ಮುಗಿಸಿ. ಕೊನೆಯ ಅಂಕಿ ಸೊನ್ನೆ ಇದ್ದರೆ 2 ಮತ್ತು 5 ಎರಡರಿಂದಲೂ ಶೇಷವಿಲ್ಲದೆ ಭಾಗವಾಗುತ್ತದೆ. ಹುಬ್ಬಳ್ಳಿ, ಹಾವೇರಿ ಎರಡೂ ಹೀಗೇ. ಕೊನೆಯ ಎರಡು ಅಂಕಿ 4ರ ಮಗ್ಗಿಯಲ್ಲಿ ಬಂದರೆ ಇಡೀ ಸಂಖ್ಯೆ 4ರಿಂದ ಹೋಗುತ್ತದೆ. ಹುಬ್ಬಳ್ಳಿಯ 20 ಬರುತ್ತದೆ, ಹಾವೇರಿಯ 10 ಬರುವುದಿಲ್ಲ. ಆಮೇಲೆ ಎಲ್ಲ ಅಂಕಿ ಕೂಡಿಸಿ. ಹುಬ್ಬಳ್ಳಿಗೆ 15, ಹಾವೇರಿಗೆ 16, ಗದಗಕ್ಕೆ 17. ಮೊತ್ತ 3ರಿಂದ ಹೋದರೆ ಸಂಖ್ಯೆಯೂ ಹೋಗುತ್ತದೆ. ಇಲ್ಲಿ ಹುಬ್ಬಳ್ಳಿ ಮಾತ್ರ.

ಮುಂದಿನ ಉಪಾಯ ನನಗೆ ಎಲ್ಲಕ್ಕಿಂತ ಇಷ್ಟ. ಶಾಲೆಯಲ್ಲಿ ಇದನ್ನು ಎಲ್ಲ ಮಕ್ಕಳಿಗೂ ಹೇಳಿಕೊಡಬೇಕು. 7, 11, 13 ಗುಣಿಸಿದರೆ 1001. ಆದ್ದರಿಂದ ಆರಂಕಿಯನ್ನು ನಡುವೆ ಕತ್ತರಿಸಿ, ದೊಡ್ಡದರಲ್ಲಿ ಸಣ್ಣದನ್ನು ಕಳೆಯಿರಿ. ಗದಗ: 582ರಲ್ಲಿ 101 ಹೋದರೆ 481. ಅದು 13 × 37. ಅಂದರೆ 582101 ಕೂಡ 13ರಿಂದ ಭಾಗವಾಗುತ್ತದೆ! ಯಾಕೆ ಗೊತ್ತಾ? 582101 ಎಂದರೆ 582 × 1001ರಲ್ಲಿ 481 ಕಳೆದದ್ದು. 1001ರ ಭಾಗ ಹೇಗೂ 13ರಿಂದ ಹೋಗುತ್ತದೆ, ಉಳಿದ 481 ಕೂಡ ಹೋದರೆ ಮುಗಿಯಿತು. ಆದರೆ 37ನ್ನು ನಂಬಬೇಡಿ. ಅದು 1001ರಲ್ಲಿ ಇಲ್ಲ, ಹಾಗಾಗಿ ಈ ಉಪಾಯ ಅದಕ್ಕೆ ನಡೆಯುವುದಿಲ್ಲ.

ಹುಬ್ಬಳ್ಳಿಗೆ 580 − 20 = 560. ಅದು 7ರಿಂದ ಹೋಗುತ್ತದೆ. ಹಾವೇರಿಗೆ 581 − 110 = 471. 7, 11, 13 ಯಾವುದೂ ಒಪ್ಪುವುದಿಲ್ಲ.

ಈಗ ಸಿಕ್ಕಿದ್ದರಿಂದ ಭಾಗಿಸುತ್ತಾ ಹೋಗಿ. ಹುಬ್ಬಳ್ಳಿ: 20ರಿಂದ ಭಾಗಿಸಿದರೆ 29001, 3ರಿಂದ 9667, 7ರಿಂದ 1381. ಎಲ್ಲಿ ನಿಲ್ಲಿಸಬೇಕು? ಉಳಿದ ಸಂಖ್ಯೆಯ ವರ್ಗಮೂಲದವರೆಗಿನ ಅವಿಭಾಜ್ಯಗಳನ್ನು (1 ಮತ್ತು ತನ್ನಿಂದ ಮಾತ್ರ ಭಾಗವಾಗುವ 2, 3, 5, 7ರಂಥ ಸಂಖ್ಯೆಗಳನ್ನು) ಮಾತ್ರ ಪರೀಕ್ಷಿಸಿ. 1381ರ ವರ್ಗಮೂಲ 37ಕ್ಕಿಂತ ಸ್ವಲ್ಪ ಜಾಸ್ತಿ. 37ರವರೆಗೆ ಯಾವುದರಿಂದಲೂ ಹೋಗುವುದಿಲ್ಲ, ಹಾಗಾಗಿ 1381 ಅವಿಭಾಜ್ಯ. ಹುಬ್ಬಳ್ಳಿ ಎಂದರೆ 2 × 2 × 3 × 5 × 7 × 1381.

ಭಾಜಕಗಳು, ಅಂದರೆ ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳು, ಎಷ್ಟು ಎಂದು ತಿಳಿಯಲು ಪ್ರತಿ ಅವಿಭಾಜ್ಯ ಎಷ್ಟು ಸಲ ಬಂದಿದೆಯೋ ಅದಕ್ಕೆ ಒಂದು ಸೇರಿಸಿ, ಎಲ್ಲವನ್ನೂ ಗುಣಿಸಿ. 3 × 2 × 2 × 2 × 2, ಒಟ್ಟು 48. ಇನ್ನೂ ಚೆಂದದ ಸಂಗತಿ: 1ರಿಂದ 7ರವರೆಗೆ ಪ್ರತಿಯೊಂದರಿಂದಲೂ ಹುಬ್ಬಳ್ಳಿ ಸರಿಯಾಗಿ ಭಾಗವಾಗುತ್ತದೆ.

ಗದಗ ಹಾಗಲ್ಲ. 13 × 44777, ಅಷ್ಟೇ. 44777 ಅವಿಭಾಜ್ಯ, ಖಚಿತ ಮಾಡಿಕೊಳ್ಳಲು 211ರವರೆಗೆ ಹೋಗಬೇಕು. ಬೇಸರದ ಕೆಲಸ ನಿಜ, ಆದರೆ ಬಿಡಬೇಡಿ. ಒಟ್ಟು ಭಾಜಕಗಳು ನಾಲ್ಕೇ. ಹಾವೇರಿ 2 × 5 × 58111, ಎಂಟು ಭಾಜಕಗಳು.

ಧಾರವಾಡದ 580001 ನಿಮಗೆ ಬಿಟ್ಟಿದ್ದೇನೆ. 580 − 1 = 579, ಅದು 7, 11, 13ರಿಂದ ಹೋಗುವುದಿಲ್ಲ. 2, 3, 5 ಕೂಡ ಇಲ್ಲ. 17ರಿಂದ ಶುರು ಮಾಡಿ. 761 ದಾಟುವ ಅಗತ್ಯವಿಲ್ಲ.