ಸ್ತೋಯ್: ಖಾರ್ಕಿವ್‌ನಲ್ಲಿ ನಾನು ಗೋಲ್ ಕಾಯಲು ಕಲಿತದ್ದು

ನಮ್ಮ ಕಡೆ ಗೋಲ್‌ಕೀಪರ್ ಆಗೋಕೆ ಒಂದೇ ಅರ್ಹತೆ ಸಾಕು, ಓಡೋಕೆ ಬರಬಾರದು. ದಾವಣಗೆರೆಯ ಹೈಸ್ಕೂಲ್ ಮೈದಾನದಲ್ಲಿ ದಪ್ಪಗಿದ್ದವನನ್ನು ಗೋಲಿಗೆ ನಿಲ್ಲಿಸುತ್ತಿದ್ದೆವು. ಅವನು ಸಿಗದಿದ್ದರೆ ಬಾಲ್ ತಂದವನ ತಮ್ಮನನ್ನು. ನಾನು ಎರಡೂ ಆಗಿದ್ದೆ.

2013ರಲ್ಲಿ ಎಂಬಿಬಿಎಸ್ ಓದಲು ಉಕ್ರೇನಿನ ಖಾರ್ಕಿವ್‌ಗೆ ಹೋದೆ. ಅಲ್ಲಿ ಗೋಲಿಗೆ ನಿಂತವನನ್ನು ಯಾರೂ 'ಪಾಪ' ಅನ್ನುತ್ತಿರಲಿಲ್ಲ. ಉಕ್ರೇನಿಯನ್ ಭಾಷೆಯಲ್ಲಿ ಗೋಲ್‌ಕೀಪರ್‌ಗೆ ವೊರೋತಾರ್ ಅನ್ನುತ್ತಾರೆ. ವೊರೋತಾ ಅಂದರೆ ಹೆಬ್ಬಾಗಿಲು. ಮೊದಲ ಸಲ ಅರ್ಥ ಕೇಳಿದಾಗ ದೇವಸ್ಥಾನದ ಬಾಗಿಲಲ್ಲಿ ಗದೆ ಹಿಡಿದು ನಿಂತಿರುವ ಜಯ ವಿಜಯರು ನೆನಪಾದರು. ಅವರೂ ಓಡುವುದಿಲ್ಲವಲ್ಲ!

ಚಳಿಗಾಲದಲ್ಲಿ ಹೊರಗೆ ಆಡೋಕೆ ಆಗುವುದಿಲ್ಲ. ಹಾಸ್ಟೆಲ್ ಹುಡುಗರೆಲ್ಲ ಒಂದು ಸ್ಪೋರ್ಟ್ ಹಾಲ್‌ನಲ್ಲಿ ಮಿನಿ ಫುಟ್ಬಾಲ್ ಆಡುತ್ತಿದ್ದೆವು. ಮೂರು ಮೀಟರ್ ಅಗಲ, ಎರಡು ಮೀಟರ್ ಎತ್ತರದ ಗೋಲು, ಮರದ ನೆಲ. ಹಾಲ್ ನೋಡಿಕೊಳ್ಳುತ್ತಿದ್ದವರು ಅರವತ್ತು ದಾಟಿದ ಒಬ್ಬರು. ಹಿಂದೆ ಎಲ್ಲೋ ಕೆಳಗಿನ ಡಿವಿಷನ್‌ನಲ್ಲಿ ಗೋಲ್ ಕಾದವರು. ನಾವು ಅವರನ್ನು ತ್ರೇನೆರ್ ಅನ್ನುತ್ತಿದ್ದೆವು, ಅಂದರೆ ಕೋಚ್. ಬಲಗೈಯ ಕಿರುಬೆರಳು ಸೊಟ್ಟಗಿತ್ತು. ಅದನ್ನೇ ತೋರಿಸಿ ಪಾಠ ಶುರು ಮಾಡುತ್ತಿದ್ದರು: ಹೀಗೆ ಹಿಡಿದರೆ ಹೀಗಾಗುತ್ತೆ.

ನಾನು ಮೊದಲ ದಿನವೇ ಹೀರೊ ಆಗಲು ಹೋದೆ. ಬಾಲ್ ಹೊಡೆಯುವ ಮೊದಲೇ ಎಡಕ್ಕೆ ಹಾರಿದೆ. ಅದು ಬಲಕ್ಕೆ ಹೋಯಿತು. ಮೊಣಕೈ ನೆಲಕ್ಕೆ ಬಡಿದು ಕಣ್ಣಲ್ಲಿ ನೀರು ಬಂತು. ಹಾಲ್‌ನ ಆ ಮೂಲೆಯಿಂದ ಒಂದು ಕೂಗು ಬಂತು: "ಸ್ತೋಯ್!" ಖಾರ್ಕಿವ್‌ನಲ್ಲಿ ಆಗ ಜಾಸ್ತಿ ಜನ ರಷ್ಯನ್ ಮಾತಾಡುತ್ತಿದ್ದರು. ಸ್ತೋಯ್ ಅಂದರೆ ನಿಲ್ಲು. ಮುಂದಿನ ಆರು ವರ್ಷ ಆ ಪದವನ್ನು ಎಷ್ಟು ಸಲ ಕೇಳಿದೆನೋ!

ಮೊದಲ ಎರಡು ತಿಂಗಳು ಅವರು ನನಗೆ ಹಾರಲು ಬಿಡಲಿಲ್ಲ. ಬರೀ ಕಾಲು. ಎದುರಿನವನು ಒದೆಯಲು ಕಾಲು ಎತ್ತಿದಾಗ ಚಿಕ್ಕ ಜಿಗಿತ, ಬಾಲ್ ಅವನ ಕಾಲಿಗೆ ತಾಗುವ ಹೊತ್ತಿಗೆ ನನ್ನ ಎರಡೂ ಪಾದ ನೆಲದ ಮೇಲೆ. ಇಷ್ಟೇ. ಕೇಳೋಕೆ ಸುಲಭ. ಒಂದು ಪಾದ ಗಾಳಿಯಲ್ಲಿದ್ದರೆ ಆ ಕಡೆಗೆ ತಳ್ಳಿಕೊಳ್ಳೋಕೆ ಆಗುವುದಿಲ್ಲ. ಎಷ್ಟೇ ಉದ್ದದ ಕೈ ಇದ್ದರೂ ಉಪಯೋಗವಿಲ್ಲ. ಆಮೇಲೆ ಕೈ: ಹೆಬ್ಬೆರಳುಗಳು ಹತ್ತಿರ, ಅಂಗೈ ಬಾಲಿನ ಹಿಂದೆ, ಎದೆ ಅದರ ಹಿಂದೆ. ಕೊನೆಗೆ ಬೀಳೋದು: ಮೊದಲು ತೊಡೆ, ಆಮೇಲೆ ಪಕ್ಕೆ, ಆಮೇಲೆ ಭುಜ. ಮೊಣಕೈ ಯಾವತ್ತೂ ಮೊದಲು ಅಲ್ಲ. ಅನಾಟಮಿ ಕ್ಲಾಸಿನಲ್ಲಿ ಅಲ್ನರ್ ನರ ಎಲ್ಲಿ ಹೋಗುತ್ತೆ ಅಂತ ಕೇಳಿದಾಗ ನನಗೆ ಪುಸ್ತಕ ಬೇಕಾಗಲಿಲ್ಲ, ನನ್ನ ಮೊಣಕೈ ಸಾಕಿತ್ತು.

ಗ್ಲೌಸ್ ತಂದಿದ್ದು ಬರಬಾಶೋವೊ ಬಜಾರಿನಿಂದ. ಖಾರ್ಕಿವ್‌ನ ಆ ಬಜಾರಿನಲ್ಲಿ ಸಿಗದೇ ಇರೋದು ಅಂದರೆ ಬಹುಶಃ ಬೆಣ್ಣೆ ದೋಸೆ ಮಾತ್ರ. ಅಮ್ಮನಿಗೆ ಜಾಕೆಟ್ ತಗೊಂಡೆ ಅಂತ ಹೇಳಿದ್ದೆ. ಹೇಗೋ ಗೊತ್ತಾಯಿತು. "ಅಷ್ಟು ದೂರ ಹೋಗಿ ಚೆಂಡಾಡ್ತೀಯೇನೋ?" ಅಂದರು. ಆಡುತ್ತಿರಲಿಲ್ಲ ಅನ್ನೋದು ಅವರಿಗೆ ಗೊತ್ತಿರಲಿಲ್ಲ. ಎರಡು ವರ್ಷ ನಾನು ತಂಡದ ಎರಡನೇ ಗೋಲ್‌ಕೀಪರ್. ಮೊದಲನೆಯವನು ನೈಜೀರಿಯಾದವನು, ನನ್ನ ಸೀನಿಯರ್. ಅವನಿಗೆ ಜ್ವರವೂ ಬರುತ್ತಿರಲಿಲ್ಲ.

ಬೆಂಚಿನಲ್ಲಿ ಕೂತು ಬೇಜಾರು ಮಾಡಿಕೊಂಡಾಗ ತ್ರೇನೆರ್ 2012ರ ಕಥೆ ಹೇಳುತ್ತಿದ್ದರು. ಆ ವರ್ಷ ಯುರೋ ಕಪ್ ಪೋಲೆಂಡ್ ಮತ್ತು ಉಕ್ರೇನಿನಲ್ಲಿ ನಡೆಯಿತು. ತವರಿನಲ್ಲಿ ಕಪ್, ಆದರೆ ಗೋಲ್‌ಕೀಪರ್‌ಗಳೇ ಇಲ್ಲ! ಶೊವ್‌ಕೊವ್‌ಸ್ಕಿಗೆ ಗಾಯ. ಖಾರ್ಕಿವ್‌ನಲ್ಲೇ ಹುಟ್ಟಿದ ದಿಕಾನ್‌ಗೆ ರಷ್ಯಾದ ಲೀಗ್ ಪಂದ್ಯದಲ್ಲಿ ಎದುರಾಳಿಯ ಮೊಣಕಾಲು ಬಡಿದು ಮುಖದ ಮೂಳೆ ಮುರಿದಿತ್ತು. ರಿಬ್ಕಾಗೆ ಡೋಪಿಂಗ್ ಕೇಸಿನಲ್ಲಿ ಎರಡು ವರ್ಷ ನಿಷೇಧ. ಉಳಿದವರು ಪ್ಯಾತೊವ್. ಜೊತೆಗೆ 19 ವರ್ಷದ ಕೋವಾಲ್, 36ರ ಹೊರ್ಯಾಯಿನೊವ್. ಹೊರ್ಯಾಯಿನೊವ್ ನಮ್ಮ ಖಾರ್ಕಿವ್‌ನ ಮೆಟಲಿಸ್ಟ್ ತಂಡದವರು. "ನೋಡು, ಆ ವಯಸ್ಸಲ್ಲೂ ಕರೆ ಬಂತು" ಅನ್ನುತ್ತಿದ್ದರು ತ್ರೇನೆರ್. ಅವರು ಒಂದೂ ಪಂದ್ಯ ಆಡಲಿಲ್ಲವಲ್ಲ ಅಂತ ನಾನು ಒಮ್ಮೆ ಕೇಳಿದೆ. ತ್ರೇನೆರ್ ಉತ್ತರ ಕೊಡದೆ ಬಲೆ ಕಟ್ಟಲು ಹೋದರು.

ಅವರ ದೇವರು ಶೊವ್‌ಕೊವ್‌ಸ್ಕಿ. 1993ರಿಂದ 2016ರವರೆಗೆ ಒಂದೇ ಕ್ಲಬ್, ಡೈನಮೊ ಕೀವ್. 2006ರ ವಿಶ್ವಕಪ್‌ನಲ್ಲಿ ಸ್ವಿಟ್ಜರ್ಲೆಂಡ್ ವಿರುದ್ಧ ಪಂದ್ಯ 0–0 ಆಗಿ ಶೂಟೌಟ್‌ಗೆ ಹೋಯಿತು, ಅಂದರೆ ಎರಡೂ ತಂಡ ಸರದಿಯಲ್ಲಿ ಪೆನಾಲ್ಟಿ ಒದೆಯೋದು. ಉಕ್ರೇನಿನ ಮೊದಲ ಒದೆತವನ್ನೇ ತಂಡದ ತಾರೆ ಶೆವ್ಚೆಂಕೊ ಹಾಳು ಮಾಡಿದರು. ಆದರೂ ಗೆದ್ದರು, 3–0. ಸ್ವಿಟ್ಜರ್ಲೆಂಡಿನ ಒದೆತಗಳಲ್ಲಿ ಎರಡನ್ನು ಶೊವ್‌ಕೊವ್‌ಸ್ಕಿ ತಡೆದರು, ಒಂದು ಕಂಬಿಗೆ ಬಡಿಯಿತು. ವಿಶ್ವಕಪ್ ಶೂಟೌಟ್‌ನಲ್ಲಿ ಒಂದೂ ಗೋಲು ಬಿಡದ ಮೊದಲ ಗೋಲ್‌ಕೀಪರ್ ಅವರೇ.

ನನ್ನ ಮಟ್ಟಿಗೆ ಗುರು ಪ್ಯಾತೊವ್. ಅದಕ್ಕೆ ಕಾರಣ ಯುದ್ಧ. 2014ರಲ್ಲಿ ಪೂರ್ವ ಉಕ್ರೇನಿನ ಡೊನೆಟ್ಸ್ಕ್ ರಷ್ಯಾ ಪರ ಪಡೆಗಳ ಪಾಲಾದ ಮೇಲೆ ಪ್ಯಾತೊವ್ ಆಡುತ್ತಿದ್ದ ಅಲ್ಲಿನ ಶಾಖ್ತಾರ್ ತಂಡಕ್ಕೆ ಊರೇ ಇಲ್ಲದಂತಾಯಿತು. ಮೊದಲು ಲ್ವಿವ್‌ಗೆ ಹೋದರು. 2017ರಲ್ಲಿ ನಮ್ಮ ಖಾರ್ಕಿವ್‌ಗೆ ಬಂದರು. ಅಷ್ಟರಲ್ಲಿ ಮೆಟಲಿಸ್ಟ್ ಕ್ಲಬ್ ದುಡ್ಡಿಲ್ಲದೆ ಮುಚ್ಚಿಹೋಗಿತ್ತು, ಸ್ಟೇಡಿಯಂ ಖಾಲಿ ಇತ್ತು. ಸ್ಪೋರ್ತಿವ್ನಾ ಮೆಟ್ರೊದಲ್ಲಿ ಇಳಿದರೆ ಎದುರಿಗೇ ಯುರೋಪಿನ ದೊಡ್ಡ ಕ್ಲಬ್‌ಗಳ ಚಾಂಪಿಯನ್ಸ್ ಲೀಗ್!

2017ರ ಡಿಸೆಂಬರ್ 6, ಇಂಗ್ಲೆಂಡಿನ ಮ್ಯಾಂಚೆಸ್ಟರ್ ಸಿಟಿ ಬಂದಿತ್ತು. ಗೋಲಿನ ಹಿಂದಿನ ಟಿಕೆಟ್ ತಗೊಂಡೆ. ತ್ರೇನೆರ್ ಹೋಮ್‌ವರ್ಕ್ ಕೊಟ್ಟಿದ್ದರು: ಬಾಲ್ ನೋಡಬೇಡ, ಪ್ಯಾತೊವ್ ಅವರನ್ನು ಮಾತ್ರ ನೋಡು. ನೋಡಿದೆ. ಬಾಲ್ ಆ ತುದಿಯಲ್ಲಿದ್ದಾಗಲೂ ಆ ಮನುಷ್ಯ ಸುಮ್ನೆ ಇರುತ್ತಿರಲಿಲ್ಲ. ಎರಡು ಹೆಜ್ಜೆ ಮುಂದೆ, ಒಂದು ಪಕ್ಕಕ್ಕೆ, ಯಾರಿಗೋ ಕೂಗು, ಕಂಬ ಎಲ್ಲಿದೆ ಅಂತ ಒಂದು ಕಣ್ಣೋಟ. ಆದರೆ ಸಿಟಿಯವರು ಒದೆಯುವ ಹೊತ್ತಿಗೆ ಎಲ್ಲ ನಿಂತುಬಿಡುತ್ತಿತ್ತು. ಕಲ್ಲು. ಇದನ್ನೇ ನೋಡುತ್ತಾ ಶಾಖ್ತಾರ್‌ನ ಇಸ್ಮಾಯಿಲಿ ಹೊಡೆದ ಗೋಲು ನನಗೆ ತಪ್ಪಿಹೋಯಿತು. ಆಮೇಲೆ ಯೂಟ್ಯೂಬ್‌ನಲ್ಲಿ ನೋಡಿದೆ. ಸಿಟಿಯ ಗೋಲ್‌ಕೀಪರ್ ಎಡರ್ಸನ್ ಗೋಲು ಬಿಟ್ಟು ಮುಂದೆ ನುಗ್ಗಿದ್ದರು, ಬಾಲ್ ಸಿಗಲಿಲ್ಲ, ಹಿಂದೆ ಗೋಲು ಖಾಲಿ. 2–1. ಆ ಸೀಸನ್‌ನಲ್ಲಿ ಸಿಟಿಗೆ ಅದು ಮೊದಲ ಸೋಲು. ಶಾಖ್ತಾರ್ ಕೋಚ್ ಫೊನ್ಸೆಕಾ ಪತ್ರಿಕಾಗೋಷ್ಠಿಗೆ ಕಪ್ಪು ಮುಖವಾಡ ಹಾಕಿಕೊಂಡು ಸಿನಿಮಾ ಹೀರೊ ಜೊರೊ ವೇಷದಲ್ಲಿ ಬಂದರು!

ಪ್ಯಾತೊವ್ ಬಗ್ಗೆ ನನಗೆ ಇಷ್ಟವಾಗಿದ್ದು ಬೇರೆ ವಿಷಯ. 2012ರ ಯುರೋದಲ್ಲಿ ಇಂಗ್ಲೆಂಡ್ ವಿರುದ್ಧ ಜೆರಾರ್ಡ್ ಪಕ್ಕದಿಂದ ಎತ್ತಿ ಕೊಟ್ಟ ಒಂದು ಬಾಲ್ ಅವರ ಕೈಗೆ ಸಿಗದೆ ಹೋಯಿತು, ಹಿಂದಿದ್ದ ರೂನಿ ತಲೆಯಿಂದ ಗೋಲು ಹೊಡೆದರು. 1–0, ಉಕ್ರೇನ್ ಹೊರಗೆ. ತವರಿನಲ್ಲಿ, ಅದೂ ತನ್ನ ಕ್ಲಬ್ಬಿನ ಸ್ಟೇಡಿಯಂನಲ್ಲಿ. ಅದಾದ ಮೇಲೂ ಹತ್ತು ವರ್ಷ ಆಡಿದರು. ದೇಶಕ್ಕೆ ಒಟ್ಟು 102 ಪಂದ್ಯ. ನಾನಾಗಿದ್ದರೆ ಊರು ಬಿಟ್ಟು ಹೋಗುತ್ತಿದ್ದೆ.

ಮೂರನೇ ವರ್ಷ ನನ್ನ ಸೀನಿಯರ್ ಓದು ಮುಗಿಸಿ ಹೋದ. ನನಗೆ ಜಾಗ ಸಿಕ್ಕಿತು. ಅಲ್ಲಿಂದ ಒಂದು ನೋಟ್‌ಬುಕ್ ಇಟ್ಟೆ. ಯಾರು ಪೆನಾಲ್ಟಿ ಎಲ್ಲಿಗೆ ಹೊಡೆದರು, ನಾನು ಎಲ್ಲಿಗೆ ಹೋದೆ. ಒಂದು ಸೀಸನ್ ಆದ ಮೇಲೆ ತಿರುವಿ ನೋಡಿದರೆ ನಾಚಿಕೆ ಆಯಿತು. ನಾನು ನಿಂತಲ್ಲೇ ನಿಂತದ್ದು ಒಂದೇ ಸಲ, ಅದೂ ಕಾಲು ಜಾರಿ. ಆಮೇಲೆ ಓದಿದೆ, ದೊಡ್ಡವರ ಕಥೆಯೂ ಇದೇ. ಇಸ್ರೇಲಿನ ಸಂಶೋಧಕರು 286 ಪೆನಾಲ್ಟಿಗಳನ್ನು ಲೆಕ್ಕ ಹಾಕಿ 2007ರಲ್ಲಿ ಪ್ರಕಟಿಸಿದ್ದರು. ಸುಮಾರು ಶೇ. 29 ಒದೆತ ಮಧ್ಯಕ್ಕೆ ಬಂದಿದ್ದವು. ಗೋಲ್‌ಕೀಪರ್‌ಗಳು ಮಧ್ಯದಲ್ಲಿ ನಿಂತದ್ದು ಶೇ. 6ರಷ್ಟು ಸಲ ಮಾತ್ರ. ಹಾರಿ ಗೋಲು ಬಿಟ್ಟರೆ 'ಪಾಪ, ಪ್ರಯತ್ನಪಟ್ಟ' ಅನ್ನುತ್ತಾರೆ. ನಿಂತು ಬಿಟ್ಟರೆ 'ಕಂಬದ ಥರ ನಿಂತಿದ್ದ' ಅನ್ನುತ್ತಾರೆ. ಅದಕ್ಕೇ ಎಲ್ಲರೂ ಹಾರುವುದು.

ನಾನೂ ಧೈರ್ಯ ಮಾಡಿದೆ. ಕೊನೆಯ ವರ್ಷದ ಹಾಸ್ಟೆಲ್ ಫೈನಲ್, ಪೆನಾಲ್ಟಿ ಶೂಟೌಟ್. ಮೊದಲನೆಯದಕ್ಕೆ ನಿಂತೆ, ಮೂಲೆಗೆ ಹೋಯಿತು. ಎರಡನೆಯದಕ್ಕೂ ನಿಂತೆ, ಇನ್ನೊಂದು ಮೂಲೆಗೆ ಹೋಯಿತು. "ಲೇ ದಾವಣಗೆರೆ, ನಿದ್ದೆ ಮಾಡ್ತಿದೀಯಾ?" ಅಂತ ನಮ್ಮವರೇ ಕೂಗಿದರು. ಮೂರನೆಯದು ನೇರ ಹೊಟ್ಟೆಗೆ ಬಂತು. ಉಸಿರು ನಿಂತಿತು, ಬಾಲೂ ನಿಂತಿತು. ಆ ಫೈನಲ್ ಸೋತೆವು, ಅದು ಬೇರೆ ಮಾತು. ನೋವು ಎರಡು ದಿನ ಇತ್ತು.

ಈ ನಡುವೆ ತ್ರೇನೆರ್ ಒಬ್ಬ ಹುಡುಗನ ಹೆಸರು ಹೇಳಲು ಶುರು ಮಾಡಿದ್ದರು. ಆಂದ್ರಿ ಲುನಿನ್. ನಮ್ಮ ಖಾರ್ಕಿವ್ ಪ್ರಾಂತ್ಯದ ಕ್ರಾಸ್ನೊಹ್ರಾದ್‌ನವನು, ಈಗ ಆ ಊರಿಗೆ ಬೆರೆಸ್ತಿನ್ ಅಂತ ಹೆಸರು ಬದಲಾಗಿದೆ. 1999ರಲ್ಲಿ ಹುಟ್ಟಿದವನು, ನನಗಿಂತ ಚಿಕ್ಕವನು, ಹಾಗಾಗಿ ಏಕವಚನದಲ್ಲೇ ಹೇಳುತ್ತೇನೆ. ಮೆಟಲಿಸ್ಟ್ ಅಕಾಡೆಮಿ, ಆಮೇಲೆ ದ್ನಿಪ್ರೊ, ಆಮೇಲೆ ಜೊರ್ಯಾ ಲುಹಾನ್ಸ್ಕ್. ಅದೂ ಊರು ಕಳೆದುಕೊಂಡ ತಂಡವೇ. 2018ರ ಮಾರ್ಚ್‌ನಲ್ಲಿ 19ಕ್ಕೇ ದೇಶದ ತಂಡಕ್ಕೆ ಆಡಿದ. ಅದೇ ಬೇಸಿಗೆಯಲ್ಲಿ ರಿಯಲ್ ಮ್ಯಾಡ್ರಿಡ್ ಕೊಂಡುಕೊಂಡಿತು. ಹಾಲ್‌ನಲ್ಲಿ ತ್ರೇನೆರ್ ಎಲ್ಲರಿಗೂ ಚಾಕೊಲೇಟ್ ಹಂಚಿದರು.

ಆಮೇಲೆ ಶುರುವಾಯಿತು ಬೆಂಚ್. ಮ್ಯಾಡ್ರಿಡ್ ಅವನನ್ನು ಲೆಗಾನೆಸ್ ಕ್ಲಬ್ಬಿಗೆ ಎರವಲು ಕೊಟ್ಟಿತು, ಅಲ್ಲಿ ಕೆಲವೇ ಪಂದ್ಯ. ನಡುವೆ 2019ರಲ್ಲಿ ಉಕ್ರೇನ್ ಜೊತೆ 20 ವರ್ಷದೊಳಗಿನವರ ವಿಶ್ವಕಪ್ ಗೆದ್ದ, ಟೂರ್ನಿಯ ಉತ್ತಮ ಗೋಲ್‌ಕೀಪರ್ ಅನ್ನಿಸಿಕೊಂಡ. ವಾಪಸ್ ಬಂದರೆ ಮತ್ತೆ ಎರವಲು, ವಯ್ಯಡೊಲಿಡ್‌ನಲ್ಲಿ ಲೀಗಿನ ಒಂದೂ ಪಂದ್ಯ ಇಲ್ಲ. ಕೊನೆಗೆ ಎರಡನೇ ಡಿವಿಷನ್‌ನ ಒವಿಯೇಡೊದಲ್ಲಿ ಆಟ ಸಿಕ್ಕಿತು. 2021ರ ಜನವರಿಯಲ್ಲಿ ಮ್ಯಾಡ್ರಿಡ್ ಪರ ಮೊದಲ ಪಂದ್ಯ, ಮೂರನೇ ದರ್ಜೆಯ ಅಲ್ಕೊಯಾನೊ ವಿರುದ್ಧ. ಸೋತರು! ಆ ಕಡೆ ಗೋಲಿನಲ್ಲಿದ್ದವರಿಗೆ 41 ವರ್ಷ, ಅವತ್ತಿನ ಹೀರೊ ಅವರೇ.

ಆ ಹೊತ್ತಿಗೆ ನಾನೂ ಬೆಂಚಿನಲ್ಲೇ ಇದ್ದೆ. 2019ರಲ್ಲಿ ಊರಿಗೆ ಬಂದೆ. ಹೊರದೇಶದಲ್ಲಿ ಓದಿದವರು ಇಲ್ಲಿ ಡಾಕ್ಟರಾಗಲು ಎಫ್‌ಎಂಜಿಇ ಅನ್ನೋ ಪರೀಕ್ಷೆ ಪಾಸಾಗಬೇಕು, 300ಕ್ಕೆ 150. ಮೊದಲ ಸಲ ಆಗಲಿಲ್ಲ. ಎರಡನೇ ಸಲ ಇನ್ನೂ ಕಡಿಮೆ. "ಡಾಕ್ಟ್ರು ಯಾವಾಗ ಪ್ರಾಕ್ಟೀಸ್ ಶುರು ಮಾಡ್ತಾರೆ?" ಅಂತ ಕೇಳದ ನೆಂಟರೇ ಇಲ್ಲ. ರಾತ್ರಿ ಫಾರ್ಮಕಾಲಜಿ ಓದುತ್ತಾ ಮ್ಯಾಡ್ರಿಡ್ ಪಂದ್ಯ ಹಾಕಿಕೊಳ್ಳುತ್ತಿದ್ದೆ. ಕ್ಯಾಮೆರಾ ಬೆಂಚಿನ ಕಡೆ ತಿರುಗಿದಾಗ ಲುನಿನ್ ಕಾಣಿಸುತ್ತಿದ್ದ, ಕೈಕಟ್ಟಿ ಕೂತಿರುತ್ತಿದ್ದ. ಸಮಾಧಾನ ಆಗುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಮೂರನೇ ಸಲ ಪಾಸಾದೆ.

2022ರ ಫೆಬ್ರವರಿ ಬಗ್ಗೆ ಜಾಸ್ತಿ ಬರೆಯಲು ನನ್ನಿಂದ ಆಗುವುದಿಲ್ಲ. ನನ್ನ ಜೂನಿಯರ್‌ಗಳು ಖಾರ್ಕಿವ್ ಮೆಟ್ರೊ ಸ್ಟೇಷನ್‌ಗಳಲ್ಲಿ ಮಲಗಿದರು. ನಮ್ಮ ಕರ್ನಾಟಕದ ಒಬ್ಬ ಹುಡುಗ ವಾಪಸ್ ಬರಲೇ ಇಲ್ಲ. ತ್ರೇನೆರ್ ಊರು ಬಿಡಲಿಲ್ಲ.

2023ರ ಆಗಸ್ಟ್‌ನಲ್ಲಿ ಮ್ಯಾಡ್ರಿಡ್‌ನ ಮೊದಲ ಗೋಲ್‌ಕೀಪರ್ ಕೊರ್ತುವಾ ಅವರ ಮಂಡಿಯ ಲಿಗಮೆಂಟ್ ಹರಿಯಿತು. ಇನ್ನೇನು ಲುನಿನ್ ಸರದಿ ಅಂದುಕೊಂಡೆ. ಕ್ಲಬ್ಬಿನವರು ಚೆಲ್ಸಿಯಿಂದ ಇನ್ನೊಬ್ಬ ಗೋಲ್‌ಕೀಪರ್ ಕೆಪಾ ಅವರನ್ನು ಕರೆತಂದರು! ನವೆಂಬರ್‌ನಲ್ಲಿ ಬ್ರಾಗಾ ವಿರುದ್ಧದ ಪಂದ್ಯಕ್ಕೆ ಮೈ ಬಿಸಿ ಮಾಡಿಕೊಳ್ಳುವಾಗ ಕೆಪಾಗೆ ನೋವಾಯಿತು. ಲುನಿನ್ ಒಳಗೆ ಬಂದ. ಕೆಲವೇ ನಿಮಿಷದಲ್ಲಿ ಪೆನಾಲ್ಟಿ. ತಡೆದ. ಫೆಬ್ರವರಿಯಲ್ಲಿ ಲೈಪ್‌ಜಿಗ್ ವಿರುದ್ಧ ಒಂಬತ್ತು ಸಲ ತಡೆದ.

2024ರ ಏಪ್ರಿಲ್ 17, ಮತ್ತೆ ಮ್ಯಾಂಚೆಸ್ಟರ್ ಸಿಟಿ, ಈಗ ಅವರ ಊರಿನಲ್ಲಿ. ನನಗೆ ನೈಟ್ ಡ್ಯೂಟಿ. ಡ್ಯೂಟಿ ರೂಮಿನಲ್ಲಿ ಮೊಬೈಲ್ ನೀರಿನ ಬಾಟಲಿಗೆ ಒರಗಿಸಿ ಇಟ್ಟಿದ್ದೆ. ಇಲ್ಲಿ ಗಂಟೆ ಮೂರು ದಾಟಿತ್ತು. ಶೂಟೌಟ್. ಮೊದಲನೆಯದು ಗೋಲು. ಮ್ಯಾಡ್ರಿಡ್ ಪರ ಮೊದ್ರಿಚ್ ಅವರದ್ದು ತಪ್ಪಿತು. ಆಮೇಲೆ ಬರ್ನಾರ್ಡೊ ಸಿಲ್ವಾ ಬಂದರು. ಓಡಿದರು. ಲುನಿನ್ ಕದಲಲಿಲ್ಲ. ಬಾಲ್ ಮೆತ್ತಗೆ ನೇರ ಅವನ ಕೈಗೇ ಬಂತು, ಅಂಗಡಿಯವನು ನಿಂಬೆಹಣ್ಣು ಎಸೆದ ಹಾಗೆ. ನಾನು ಎದ್ದು ನಿಂತು ಕೂಗಿಬಿಟ್ಟೆ. ಸಿಸ್ಟರ್ ಓಡಿ ಬಂದು, "ಏನಾಯ್ತು ಸರ್, ಯಾವ ಬೆಡ್?" ಅಂದರು. ಮುಂದಿನ ಕೊವಾಚಿಚ್ ಒದೆತವನ್ನು ಹಾರಿ ತಡೆದ. ಕೊನೆಗೆ ರೂಡಿಗರ್ ಗೋಲು, 4–3. ಒಬ್ಬರ ವಿಷಯದಲ್ಲಿ ರಿಸ್ಕ್ ತಗೊಂಡು ಮಧ್ಯದಲ್ಲೇ ನಿಲ್ಲೋದು ಅಂತ ಮೊದಲೇ ತೀರ್ಮಾನಿಸಿದ್ದೆವು ಎಂದು ಅವನೇ ಪಂದ್ಯದ ಮೇಲೆ ಹೇಳಿದ.

ತ್ರೇನೆರ್‌ಗೆ ಮೆಸೇಜ್ ಕಳಿಸಿದೆ. ಬೆಳಗ್ಗೆ ಒಂದೇ ಪದದ ಉತ್ತರ ಬಂದಿತ್ತು: ಸ್ತೊಯಾಲ್. ನಿಂತಿದ್ದ.

ಜೂನ್ 1ರ ಚಾಂಪಿಯನ್ಸ್ ಲೀಗ್ ಫೈನಲ್‌ಗೆ ಲುನಿನ್‌ಗೆ ಜ್ವರ. ಚೇತರಿಸಿಕೊಂಡಿದ್ದ ಕೊರ್ತುವಾ ಆಡಿದರು, ಕಪ್ ಗೆದ್ದರು. ಜೂನ್ 17ಕ್ಕೆ ಮ್ಯೂನಿಕ್‌ನಲ್ಲಿ ಯುರೋ ಕಪ್, ಎದುರಿಗೆ ರೊಮೇನಿಯಾ. ಲುನಿನ್ ಕಾಲಿನಿಂದ ಹೊರಗೆ ಕಳಿಸಿದ ಬಾಲ್ ನೇರ ಎದುರಾಳಿಗೆ ಹೋಯಿತು, ಮೊದಲ ಗೋಲು ಅಲ್ಲಿಂದಲೇ. 0–3. ಮುಂದಿನ ಪಂದ್ಯಕ್ಕೆ ಡೊನೆಟ್ಸ್ಕ್‌ನ ಹುಡುಗ ತ್ರುಬಿನ್ ಗೋಲಿಗೆ ಬಂದ. ಲುನಿನ್ ಮತ್ತೆ ಬೆಂಚಿಗೆ.

ಅವತ್ತೂ ತ್ರೇನೆರ್‌ಗೆ ಮೆಸೇಜ್ ಹಾಕಿದೆ. ಕರೆಂಟ್ ಇರಲಿಲ್ಲವೇನೋ, ನಾಲ್ಕು ದಿನ ಉತ್ತರ ಬರಲಿಲ್ಲ. ಬಂದಾಗ ಲುನಿನ್ ಬಗ್ಗೆ ಒಂದು ಮಾತೂ ಇಲ್ಲ. ಹಾಲ್‌ನ ಒಂದು ಫೋಟೊ ಇತ್ತು. ಕಿಟಕಿಯ ಗಾಜೆಲ್ಲ ಹೋಗಿ ಪ್ಲೈವುಡ್ ಹೊಡೆದಿದ್ದರು. ಗೋಲಿನಲ್ಲಿ ದೊಡ್ಡ ಗ್ಲೌಸ್ ಹಾಕಿಕೊಂಡ ಎಂಟೊಂಬತ್ತು ವರ್ಷದ ಹುಡುಗಿ. ಕೆಳಗೆ ಬರೆದಿದ್ದರು: "ಈಗ ಎಷ್ಟು ಜೋರಾಗಿ ಒದ್ದರೂ ಗಾಜು ಒಡೆಯುವ ಭಯವಿಲ್ಲ."